ಗಾಳಿಗೆ ಎದೆ ಕೊಡೋರು ಯಾರು?

ಸೈಕಲ್ ರೇಸಿನ ಬಗ್ಗೆ ನನ್ನನ್ನು ಕೇಳುವವರೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. ಮೊಬೈಲಿನಲ್ಲಿ ಫ್ರಾನ್ಸಿನ ರೇಸು ನೋಡಿರುತ್ತಾರೆ, ಇಲ್ಲವೇ ವಿಜಯಪುರದ ಕಡೆ ಹೋದಾಗ ಬಣ್ಣದ ಜರ್ಸಿ ತೊಟ್ಟ ಹುಡುಗರ ಗುಂಪೊಂದು ರಸ್ತೆ ಮೇಲೆ ಸುಂಯ್ಯನೆ ಹಾದುಹೋದದ್ದನ್ನು ಕಂಡಿರುತ್ತಾರೆ. "ಎಲ್ಲಾರೂ ಒಂದೇ ಕಡೆ ಗುಂಪು ಕಟ್ಟಿಕೊಂಡು ಯಾಕ ಹೋಗ್ತಾರ್ರೀ ಸರ? ಕಾಲಾಗ ತಾಕತ್ತಿದ್ದಾಂವ ಬಿಟ್ಟು ಮುಂದ ಹೋಗಬಾರದೇನು?" ಶಹಾಪುರದ ಮೇಷ್ಟ್ರೊಬ್ಬರು ಇದನ್ನೇ ಪತ್ರದಲ್ಲಿ ಬರೆದು ಕೇಳಿದ್ದಾರೆ. ನಮ್ಮೂರ ಚಹಾದಂಗಡಿಯಲ್ಲೂ ಇದೇ ಪ್ರಶ್ನೆ. ಒಳ್ಳೆಯ ಪ್ರಶ್ನೆ. ರೇಸಿನ ಒಳಗುಟ್ಟೆಲ್ಲ ಇರುವುದು ಇದರ ಉತ್ತರದಲ್ಲೇ.

ಉತ್ತರ ಗಾಳಿ. ಅದನ್ನು ಕಲಿಸಲು ದೋರನಹಳ್ಳಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ನಮ್ಮೂರು ಇರುವುದು ಯಾದಗಿರಿ–ಶಹಾಪುರ ರಸ್ತೆಯ ಮೇಲೆ. ಪಶ್ಚಿಮಕ್ಕೆ ಹೊರಟರೆ ಶಹಾಪುರ, ಪೂರ್ವಕ್ಕೆ ಹೊರಟರೆ ಖಾನಾಪುರ, ಭೀಮಾ ನದಿಯ ಸೇತುವೆ, ಆಮೇಲೆ ಯಾದಗಿರಿ. ಮಿರಗದ ಮಳೆ ಹಿಡಿಯುವ ಹೊತ್ತಿಗೆ ಪಡುವಣ ಗಾಳಿ ಎದ್ದರೆ ಶ್ರಾವಣ ಮುಗಿದು ಭಾದ್ರಪದ ಬರುವ ತನಕ ಬೀಸುತ್ತಲೇ ಇರುತ್ತದೆ. ಈ ಬಯಲಿನಲ್ಲಿ ಅದನ್ನು ತಡೆಯಲು ಕಾಡಿಲ್ಲ, ದೊಡ್ಡ ಗುಡ್ಡದ ಸಾಲಿಲ್ಲ. ಹತ್ತಿ, ತೊಗರಿಯ ಹೊಲ, ಕಾಲುವೆ ಬಂದಲ್ಲಿ ಭತ್ತದ ಗದ್ದೆ, ನಡುನಡುವೆ ಜಾಲಿ ಮರ. ಆ ದಿನಗಳಲ್ಲಿ ಶಹಾಪುರದ ಕಡೆ ಸೈಕಲ್ ತುಳಿದರೆ ಸಪಾಟು ರಸ್ತೆಯೂ ಏರಿನಂತೆ ಕಾಲು ಹಿಡಿಯುತ್ತದೆ. ಅದೇ ಮನುಷ್ಯ ಹ್ಯಾಂಡಲ್ ತಿರುಗಿಸಿ ಭೀಮಾ ಸೇತುವೆ ಕಡೆ ಮುಖ ಮಾಡಿದನೆಂದರೆ ಕಿವಿಯಲ್ಲಿದ್ದ ಸದ್ದು ಒಮ್ಮೆಲೇ ನಿಂತು, ಪೈಡಲ್ ಮೇಲೆ ಕಾಲಿಟ್ಟರೆ ಸಾಕು, ಸೈಕಲ್ ತಾನಾಗಿ ಓಡುತ್ತದೆ. ದೀಪಾವಳಿ ದಾಟಿದ ಮೇಲೆ ಗಾಳಿ ಮೂಡಣದ ಕಡೆಯಿಂದ ತಿರುಗುತ್ತದೆ, ಲೆಕ್ಕವೂ ತಿರುಗುತ್ತದೆ.

ಇದನ್ನು ಅಂಕಿಯಲ್ಲಿ ಹೇಳುತ್ತೇನೆ. ಸೈಕಲ್ ಸವಾರನಿಗೆ ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ನೂಕಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 30 ಕಿ.ಮೀ. ಹೋಗುತ್ತಿರುವವನು 40ಕ್ಕೆ ಏರಬೇಕೆಂದರೆ ವೇಗ ಹೆಚ್ಚಿದ್ದು ಮೂರನೇ ಒಂದು ಪಾಲು ಮಾತ್ರ. ಆದರೆ ಗಾಳಿಗೆ ತೆರಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಎದುರು ಗಾಳಿ ಇದ್ದರೆ ಇನ್ನೂ ಕಠಿಣ. 25 ಕಿ.ಮೀ. ವೇಗದಲ್ಲಿ ಶಹಾಪುರದ ಕಡೆ ಹೊರಟವನಿಗೆ 20 ಕಿ.ಮೀ. ವೇಗದ ಪಡುವಣ ಗಾಳಿ ಎದುರಾದರೆ ಅವನ ಎದೆಗೆ ಬಡಿಯುವುದು 45 ಕಿ.ಮೀ. ವೇಗದ ಗಾಳಿ. ಗಾಳಿ ಇಲ್ಲದ ದಿನಕ್ಕೆ ಹೋಲಿಸಿದರೆ ಆ ತಡೆಗೆ ಅವನು ಖರ್ಚು ಮಾಡುವ ಬಲ ಮೂರು ಪಟ್ಟು ದಾಟುತ್ತದೆ. ಸಪಾಟು ರಸ್ತೆಯಲ್ಲಿ ರೇಸಿನ ವೇಗಕ್ಕೆ ಬಂದಾಗ ಸವಾರನ ಶಕ್ತಿಯ ಬಹುಪಾಲು ಹೋಗುವುದು ಗಾಳಿಗೇ. ಟೈರು ರಸ್ತೆಗೆ ತಿಕ್ಕುವುದು, ಚೈನು–ಬೇರಿಂಗಿನ ತಿಕ್ಕಾಟ, ಇವೆಲ್ಲ ಅದರ ಮುಂದೆ ಚಿಲ್ಲರೆ ಬಾಬತ್ತು.

ಮುಂದೆ ಹೋಗುತ್ತಿರುವವನ ಬೆನ್ನಿಗೆ, ಅವನ ಹಿಂದಿನ ಗಾಲಿಗೂ ನಿಮ್ಮ ಮುಂದಿನ ಗಾಲಿಗೂ ಒಂದು ಮೊಳ ಅಂತರ ಬಿಟ್ಟು ಹೊಂದಿಕೊಂಡು ಹೋದರೆ ಅವನು ಸೀಳಿದ ಗಾಳಿಯ ಮರೆಯಲ್ಲಿ ನಿಮ್ಮ ಕೆಲಸ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಡಿಮೆಯಾಗುತ್ತದೆ. ದೊಡ್ಡ ಗುಂಪಿನ ನಡುವೆ ಸೇರಿಕೊಂಡರಂತೂ ಲಾಭಕ್ಕೆ ಮಿತಿಯಿಲ್ಲ. ಬೆರ್ಟ್ ಬ್ಲಾಕನ್ ಎಂಬ ಪ್ರೊಫೆಸರರು ಮತ್ತು ಅವರ ಸಂಗಡಿಗರು 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿ ಸುರಂಗದಲ್ಲೂ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಂಪಿನ ಒಳಗೆ, ಹಿಂಭಾಗದ ಅತ್ಯಂತ ಸುರಕ್ಷಿತ ಜಾಗದಲ್ಲಿರುವವನಿಗೆ ತಗಲುವ ಗಾಳಿಯ ತಡೆ, ಒಂಟಿಯಾಗಿ ಹೋಗುವವನಿಗೆ ತಗಲುವುದರ ಶೇ 5ರಿಂದ 10ರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಅಂಥ ಗುಂಪನ್ನು ಬಿಟ್ಟು ಕಾಲಲ್ಲಿ ತಾಕತ್ತಿದೆಯೆಂದು ಒಬ್ಬನೇ ಮುಂದೆ ಓಡಿದವನು ಎಲ್ಲರ ಪಾಲಿನ ಗಾಳಿಯನ್ನು ತಾನೊಬ್ಬನೇ ಹೊತ್ತಂತೆ. ಸ್ವಲ್ಪ ಹೊತ್ತು ಹೊರಬಹುದು, ರೇಸು ಮುಗಿಯುವ ತನಕ ಹೊರುವವರು ಅಪರೂಪ.

ಆದ್ದರಿಂದ ರಸ್ತೆ ರೇಸಿನಲ್ಲಿ ಎದುರಾಳಿಗಳು ಮುಕ್ಕಾಲು ಪಾಲು ಹೊತ್ತು ಜೊತೆಗಾರರೇ ಆಗಿರುತ್ತಾರೆ. ಈ ಆಟ ನನ್ನನ್ನು ಹಿಡಿದು ಕೂರಿಸಿದ್ದು ಇದೇ ಗುಣದಿಂದ. ಒಬ್ಬ ಮುಂದೆ ಬಂದು ಗಾಳಿಗೆ ಎದೆ ಕೊಡುತ್ತಾನೆ. ಅರ್ಧ ನಿಮಿಷವೋ ಒಂದು ನಿಮಿಷವೋ ಎಳೆದು ಮೊಣಕೈ ಅಲ್ಲಾಡಿಸಿ ಸನ್ನೆ ಮಾಡಿ ಪಕ್ಕಕ್ಕೆ ಸರಿದು ಸಾಲಿನ ತುದಿಗೆ ಬಂದು ಸೇರುತ್ತಾನೆ. ಅವನ ಹಿಂದಿದ್ದವನ ಪಾಳಿ ಶುರು. ಯಾರೂ ಮಾತಾಡುವುದಿಲ್ಲ, ಹಾಗೆ ನೋಡಿದರೆ ಮಾತಾಡಲು ಉಸಿರೂ ಇರುವುದಿಲ್ಲ. ವಿಜಯಪುರದ ಕಡೆಯ ಹುಡುಗರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ "ಗಾಲಿ ಬಿಡಬ್ಯಾಡ" ಎಂಬುದು. ಮುಂದಿನವನ ಗಾಲಿಗೂ ನಿನ್ನ ಗಾಲಿಗೂ ನಡುವೆ ಒಂದು ಸೈಕಲ್ಲಿನಷ್ಟು ಜಾಗ ಬಿತ್ತೆಂದರೆ ಮರೆ ಕಡಿಮೆಯಾಯಿತು. ಜಾಗ ಬೆಳೆಯುತ್ತಾ ಹೋಯಿತೆಂದರೆ ನೀನು ಒಂಟಿ. ಪಾಳಿ ಬಂದಾಗ ಮುಂದೆ ಬಾರದೆ ಹಿಂದೆಯೇ ಅಡಗಿ ಕೂತು ಕೊನೆಗೆ ಹಾರಿ ಗೆಲ್ಲುವವರೂ ಇದ್ದಾರೆ. ನಿಯಮದಲ್ಲಿ ಅದು ತಪ್ಪಲ್ಲ. ಆದರೆ ಎರಡು ರೇಸಿನಲ್ಲಿ ಹಾಗೆ ಮಾಡಿದವನನ್ನು ಮೂರನೆಯದರಲ್ಲಿ ಎಲ್ಲರೂ ಗುರುತು ಹಿಡಿದಿರುತ್ತಾರೆ. ಅವನು ಹಿಂದೆ ಬಿದ್ದಾಗ ಯಾರೂ ತಿರುಗಿ ನೋಡುವುದಿಲ್ಲ. ಹಳ್ಳಿಯ ಮುಯ್ಯಾಳಿನ ಪದ್ಧತಿಯಲ್ಲಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಅಡ್ಡ ಗಾಳಿಯದು ಬೇರೆಯೇ ಪಾಠ, ಅದನ್ನು ಕಲಿಯಬೇಕಾದರೆ ಶಹಾಪುರದಿಂದ ಸುರಪುರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಗೆ ಬರಬೇಕು. ಆ ರಸ್ತೆ ಹತ್ತಿಗುಡೂರ ಮೇಲೆ ಹಾದು ದಕ್ಷಿಣಕ್ಕೆ ಇಳಿಯುತ್ತದೆ. ಮಳೆಗಾಲದ ಪಡುವಣ ಗಾಳಿ ಬಲಗಡೆಯಿಂದ ಬಂದು ಪಕ್ಕೆಗೆ ಬಡಿಯುತ್ತದೆ. ಆಗ ಮುಂದಿನವನ ನೇರ ಹಿಂದೆ ನಿಂತರೆ ಮರೆ ಸಿಗದು. ಮರೆ ಇರುವುದು ಅವನ ಎಡ ಹಿಂಭಾಗದಲ್ಲಿ. ಮೊದಲನೆಯವನು ಬಲಕ್ಕೆ, ಎರಡನೆಯವನು ಅವನ ಎಡಕ್ಕೆ ಒಂದಿಷ್ಟು ಹಿಂದೆ, ಮೂರನೆಯವನು ಇನ್ನಷ್ಟು ಎಡಕ್ಕೆ, ಹೀಗೆ ಓರೆಯಾದ ಸಾಲು ರಸ್ತೆಯ ಅಂಚಿನವರೆಗೆ ಹರಡುತ್ತದೆ. ನಮ್ಮ ರೇಸುಗಳಲ್ಲಿ ಸಿಗುವುದು ರಸ್ತೆಯ ಎಡ ಅರ್ಧ ಮಾತ್ರ. ಅಲ್ಲಿ ನಾಲ್ಕೈದು ಜನರಿಗೆ ಮರೆ. ಆರನೆಯವನಿಗೆ ಓರೆ ಸಾಲಿನಲ್ಲಿ ಜಾಗವಿಲ್ಲ, ಅವನು ಡಾಂಬರಿನ ಅಂಚಿಗೆ ಒತ್ತರಿಸಿಕೊಂಡು ಮುಂದಿನವನ ನೇರ ಹಿಂದೆ, ಪೂರಾ ಗಾಳಿಗೆ ಮೈಯೊಡ್ಡಿ ತುಳಿಯಬೇಕು. ಅವನ ಹಿಂದಿನವರದೂ ಅದೇ ಗತಿ.

ಶ್ರಾವಣದಲ್ಲಿ ಜಾತ್ರೆಯ ಅಂಗವಾಗಿ ನಡೆದ ಒಂದು ರೇಸಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಊರಿನ ಹೆಸರು ಬೇಡ. ಅದೂ ದಕ್ಷಿಣಕ್ಕೆ ಹೋಗಿ ತಿರುಗಿ ಬರುವ ರಸ್ತೆ. ಊರು ಬಿಡುವ ತನಕ ಮನೆ, ಮರಗಳ ಆಸರೆಯಲ್ಲಿ ಗುಂಪು ಒಟ್ಟಿಗೇ ಇತ್ತು. ಕೊನೆಯ ಮನೆ ದಾಟಿ ಕರಿ ಹೊಲದ ಬಯಲು ತೆರೆದುಕೊಂಡ ಕೂಡಲೇ ಮುಂದಿದ್ದ ಬಾಗಲಕೋಟೆ ಕಡೆಯ ನಾಲ್ವರು ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟೇ. ಮುಂದಿನವನು ಬಲಕ್ಕೆ ಸರಿದ, ಉಳಿದವರು ಓರೆಯಾಗಿ ಎಡಕ್ಕೆ ಹರಡಿದರು, ವೇಗ ಒಮ್ಮೆಲೇ ಏರಿತು. ನಾನಿದ್ದದ್ದು ಏಳನೆಯವನೋ ಎಂಟನೆಯವನೋ ಆಗಿ. ಬಲಗಿವಿಯಲ್ಲಿ ಗಾಳಿಯ ಮೊರೆತ, ಎಡಗಡೆ ಒಂದು ಗೇಣು ಡಾಂಬರು, ಅದರಾಚೆ ಮಳೆಗೆ ಕೊಚ್ಚಿಹೋದ ಮೊರಂ. ನನ್ನ ಮುಂದಿದ್ದವನ ಹಿಂದಿನ ಗಾಲಿಗೆ ಅಂಟಿದ ಕೆಂಪು ಮಣ್ಣಿನ ಚುಕ್ಕೆ ಒಂದೇ ಕಡೆ ತಿರುಗುವುದನ್ನು ನೋಡುತ್ತಾ ತುಳಿಯುತ್ತಿದ್ದೆ. ಅವನ ಮತ್ತು ಅವನ ಮುಂದಿದ್ದವನ ನಡುವೆ ಜಾಗ ಬಿತ್ತು. ಒಂದು ಸೈಕಲ್ಲು, ಎರಡು, ನಾಲ್ಕು. ನಾಲ್ವರು ಹುಡುಗರು ಹೋದರು. ಹಿಂದೆ ಉಳಿದ ನಾವು ಇಪ್ಪತ್ತಕ್ಕೂ ಹೆಚ್ಚು ಜನ, ನಮ್ಮಲ್ಲಿ ಅವರಿಗಿಂತ ಗಟ್ಟಿ ಕಾಲಿನವರು ಇದ್ದರು. ಆದರೆ ಆ ನಾಲ್ವರು ಸರದಿ ಮೇಲೆ ಗಾಳಿ ಹಂಚಿಕೊಂಡರು, ನಾವು ಒಬ್ಬೊಬ್ಬರಾಗಿ ತಿಂದೆವು. ತಿರುಗಿ ಬರುವಾಗ ಗಾಳಿ ಎಡಗಡೆಯಿಂದ. ಓರೆ ಸಾಲು ಕಟ್ಟಬೇಕಾದರೆ ಈಗ ಬಲಕ್ಕೆ, ಅಂದರೆ ಎದುರು ವಾಹನ ಬರುವ ಕಡೆಗೆ ಹರಡಬೇಕು. ಅದಕ್ಕೆ ಅವಕಾಶವಿಲ್ಲ. ಅವರನ್ನು ಹಿಡಿಯುವ ದಾರಿಯೇ ಮುಚ್ಚಿಹೋಗಿತ್ತು.

ಹೀಗೆ ಗುಂಪಿನಿಂದ ತಪ್ಪಿಸಿಕೊಂಡು ಹೋದವರನ್ನು ಹಿಡಿಯುವುದಕ್ಕೂ ಒಂದು ರೂಢಿಯ ಲೆಕ್ಕವಿದೆ. ರೊಬೇರ್ ಶಪಾತ್ ಎಂಬ ಫ್ರಾನ್ಸಿನ ಹಳೆಯ ಸವಾರ, ಆಮೇಲೆ ಟಿ.ವಿ. ವಿವರಣೆಕಾರರಾದವರು, ಅವರ ಹೆಸರಿನಲ್ಲೇ ಅದು ಓಡಾಡುತ್ತದೆ. ಕೊನೆಯ 10 ಕಿ.ಮೀ. ಉಳಿದಾಗ ಮುಂದಿನವರಿಗೆ ಒಂದು ನಿಮಿಷದ ಅಂತರವಿದ್ದರೆ ಮನಸ್ಸು ಮಾಡಿದ ಗುಂಪು ಅವರನ್ನು ಹಿಡಿದೇ ತೀರುತ್ತದೆ ಎಂಬುದು. ಎಲ್ಲ ಮಾತು "ಮನಸ್ಸು ಮಾಡಿದ" ಎಂಬಲ್ಲಿದೆ. ಹವ್ಯಾಸಿಗಳ ರೇಸಿನಲ್ಲಿ ಮನಸ್ಸು ಮಾಡುವುದೇ ಇಲ್ಲ. ನಾನ್ಯಾಕೆ ಎಳೆಯಲಿ, ನಾನು ಎಳೆದರೆ ಕೊನೆಯಲ್ಲಿ ಇವನು ಗೆಲ್ಲುತ್ತಾನೆ ಎಂದು ಒಬ್ಬರನ್ನೊಬ್ಬರು ನೋಡುತ್ತಾ ಎಲ್ಲರೂ ನಿಧಾನಿಸುತ್ತಾರೆ. ಮುಂದಿನವರು ಆರಾಮಾಗಿ ಗೆರೆ ದಾಟುತ್ತಾರೆ. ಗುಂಪು ಒಟ್ಟಾಗಿಯೇ ಗೆರೆ ಹತ್ತಿರ ಬಂದಿತೆಂದರೆ ಕೊನೆಯ ಇನ್ನೂರು ಮೀಟರಿನ ಆಟ ಬೇರೆ. ಅಲ್ಲಿ ಯಾರು ಎಷ್ಟು ಹೊತ್ತು ಮರೆಯಲ್ಲಿದ್ದು ಯಾವಾಗ ಹೊರಗೆ ಹಾರಿದರು ಎಂಬುದರ ಮೇಲೆ ನಿರ್ಣಯ. ಬೇಗ ಹಾರಿದವನು ಗೆರೆಗೆ ಮೊದಲೇ ಸುಸ್ತಾಗುತ್ತಾನೆ, ತಡ ಮಾಡಿದವನಿಗೆ ಜಾಗ ಸಿಗದು. ಗೆಲುವನ್ನು ನಿರ್ಧರಿಸುವುದು ಮುಂದಿನ ಟೈರಿನ ಮೂತಿ ಗೆರೆ ಮುಟ್ಟುವುದರಿಂದ. ಅದಕ್ಕೇ ಅನುಭವಿಗಳು ಕಡೆಯ ಗಳಿಗೆಯಲ್ಲಿ ತೋಳು ನೀಡಿ ಸೈಕಲ್ಲನ್ನು ಮುಂದಕ್ಕೆ ತಳ್ಳುತ್ತಾರೆ.

ಗಾಳಿ ಹಂಚಿಕೊಳ್ಳುವ ಅವಕಾಶವೇ ಇಲ್ಲದ ರೇಸೂ ಒಂದಿದೆ, ಟೈಮ್ ಟ್ರಯಲ್. ಒಬ್ಬೊಬ್ಬರನ್ನಾಗಿ ನಿಮಿಷದ ಅಂತರದಲ್ಲಿ ಬಿಡುತ್ತಾರೆ, ಇನ್ನೊಬ್ಬನ ಹಿಂದೆ ಅವಿತರೆ ದಂಡ. ಇಲ್ಲಿ ಗಾಳಿಯ ಜೊತೆ ಲೆಕ್ಕ ಚುಕ್ತಾ ಮಾಡುವ ದಾರಿ ಒಂದೇ, ಮೈಯನ್ನು ಚಿಕ್ಕದು ಮಾಡಿಕೊಳ್ಳುವುದು. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೊರಾನ್ ಫಿನ್ಯೋನ್‌ಗಿಂತ 50 ಸೆಕೆಂಡು ಹಿಂದಿದ್ದರು. ಉಳಿದದ್ದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಟೈಮ್ ಟ್ರಯಲ್. ಲೆಮಾಂಡ್ ಗಾಳಿ ಸೀಳುವ ಹೆಲ್ಮೆಟ್ ಹಾಕಿ, ಮೊಣಕೈ ಊರಿ ಮುಂದಕ್ಕೆ ಬಾಗುವ ಹ್ಯಾಂಡಲ್ ಹಿಡಿದು ಹೊರಟರು. ಫಿನ್ಯೋನ್ ಬರಿದಲೆಯಲ್ಲಿ, ಜುಟ್ಟು ಹಾರಿಸಿಕೊಂಡು ಹೊರಟರು. ಮೂರು ವಾರದ ರೇಸನ್ನು ಲೆಮಾಂಡ್ 8 ಸೆಕೆಂಡಿನಿಂದ ಗೆದ್ದರು. ನಮ್ಮಲ್ಲಿ ಬೆಂಗಳೂರಿನ ನವೀನ್ ಜಾನ್ ಈ ವಿಭಾಗದಲ್ಲಿ ಹೆಸರು ಮಾಡಿದವರು. ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದಾಗ ಸೈಕ್ಲಿಂಗ್ ಹಿಡಿಸಿಕೊಂಡು, ರಾಷ್ಟ್ರೀಯ ಚಾಂಪಿಯನ್ ಆಗಿ, 2016ರಲ್ಲಿ ದೋಹಾದ ವಿಶ್ವ ರಸ್ತೆ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಭಾರತದ ಪರ ತುಳಿದರು. ಹವ್ಯಾಸವಾಗಿ ಶುರು ಮಾಡಿದವರು ಎಲ್ಲಿಯ ತನಕ ಹೋಗಬಹುದು ಎಂಬುದಕ್ಕೆ ನನಗೆ ಅವರಿಗಿಂತ ಹತ್ತಿರದ ಉದಾಹರಣೆ ಇಲ್ಲ.

ಸೈಕಲ್ ಬೆಲೆ ಎಷ್ಟು ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ರೇಸಿನ ಕಾರ್ಬನ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೀಳುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ತೂಕ 6.8 ಕಿಲೊಗಿಂತ ಕಡಿಮೆ ಇರುವಂತಿಲ್ಲ. ನಮ್ಮ ಹಾಲಿನವರು ಓಡಿಸುತ್ತಿದ್ದ ಹಳೆಯ ಸಾದಾ ಸೈಕಲ್ಲು ಅದರ ಮೂರರಷ್ಟು ತೂಗುತ್ತದೆ. ಏರಿನಲ್ಲಿ ಇದು ದೊಡ್ಡ ವ್ಯತ್ಯಾಸ. ನಂದಿ ಬೆಟ್ಟ ಹತ್ತುವ ಬೆಂಗಳೂರಿನವರು ಗ್ರಾಮಿನ ಲೆಕ್ಕ ಹಾಕುವುದು ಸರಿಯೇ. ಆದರೆ ದೋರನಹಳ್ಳಿಯ ಸಪಾಟು ರಸ್ತೆಯಲ್ಲಿ ಗಾಳಿ ತಡೆಯುವುದರಲ್ಲಿ ಬಹುಪಾಲು ಸವಾರನ ಮೈಯದು, ಸೈಕಲ್ಲಿನದು ಅಲ್ಪ. ಮೊಣಕೈ ಮಡಚಿ, ಬೆನ್ನು ಬಗ್ಗಿಸಿ, ಪಟಪಟ ಹಾರದ ಅಂಗಿ ತೊಟ್ಟು, ಟೈರಿಗೆ ಸರಿಯಾಗಿ ಹವಾ ಹೊಡೆಸಿಕೊಂಡ ಹುಡುಗ, ಲಕ್ಷದ ಸೈಕಲ್ ಮೇಲೆ ನೆಟ್ಟಗೆ ಕೂತವನನ್ನು ಹಿಂದೆ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲು ಕೂರುವುದನ್ನು ಕಲಿಯಲಿ, ದುಡ್ಡು ಆಮೇಲೆ.

ಬಿಸಿಲಿನ ಮಾತನ್ನೂ ಹೇಳಬೇಕು. ಕಾದ ಗಾಳಿ ತೆಳ್ಳಗಿರುತ್ತದೆ. 20 ಡಿಗ್ರಿಗೆ ಹೋಲಿಸಿದರೆ 40 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 6ರಷ್ಟು ಕಡಿಮೆ. ಹೆಸರಾಂತ ಸವಾರ ಎಡ್ಡಿ ಮರ್ಕ್ಸ್ 1972ರಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ದಾಖಲೆ ಮಾಡಲು ಮೆಕ್ಸಿಕೊ ಸಿಟಿಗೆ ಹೋದದ್ದು ಅಲ್ಲಿನ ಎತ್ತರದಲ್ಲಿ ಗಾಳಿ ತೆಳು ಎಂಬ ಕಾರಣಕ್ಕೇ. ಹಾಗೆಂದು ನಮ್ಮ ಏಪ್ರಿಲ್ ತಿಂಗಳ ಬಿಸಿಲು ವರ ಎಂದುಕೊಂಡು ಯಾರೂ ಮಧ್ಯಾಹ್ನ ರಸ್ತೆಗಿಳಿಯಬೇಡಿ. ಗಾಳಿಯಲ್ಲಿ ಉಳಿದದ್ದಕ್ಕಿಂತ ಹೆಚ್ಚು ಬೆವರಿನಲ್ಲಿ ಹೋಗುತ್ತದೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಜೋರಾಗಿ ತುಳಿದರೆ ಒಂದೂವರೆ–ಎರಡು ಗಂಟೆಗೆ ಸಾಕಾಗುತ್ತದೆ. ಅದು ಮುಗಿದಾಗ ಕಣ್ಣು ಮಂಜಾಗಿ, ಕಾಲು ಮಾತು ಕೇಳುವುದನ್ನು ಬಿಡುತ್ತದೆ. ಹಸಿವಾಗುವ ಮೊದಲೇ ತಿನ್ನಬೇಕು, ನೀರಡಿಕೆಗೆ ಮೊದಲೇ ಕುಡಿಯಬೇಕು. ಪರದೇಶದ ಪುಡಿ, ಪೊಟ್ಟಣಗಳೇ ಬೇಕೆಂದಿಲ್ಲ. ಬಾಳೆಹಣ್ಣು, ಬೆಲ್ಲ, ಉಪ್ಪು–ಸಕ್ಕರೆ–ಲಿಂಬೆ ಕಲಸಿದ ನೀರು ಇದ್ದರೆ ನಮ್ಮ ಅಳತೆಯ ರೇಸಿಗೆ ಸಾಕು. ಹಿಂದಿನ ರಾತ್ರಿ ಅನ್ನವನ್ನೋ ರೊಟ್ಟಿಯನ್ನೋ ಹೊಟ್ಟೆ ತುಂಬ ಉಣ್ಣಿ. ರೇಸಿನ ಬೆಳಿಗ್ಗೆ ಮಾತ್ರ ಶೇಂಗಾ ಚಟ್ನಿ, ಎಣ್ಣೆಯ ಮಿರ್ಚಿ ಭಜಿಯಿಂದ ದೂರ ಇರಿ. ಕೊಬ್ಬು ಜೀರ್ಣವಾಗಲು ಹೊತ್ತು ಹಿಡಿಯುತ್ತದೆ.

ಈಗ ರಸ್ತೆ. ನನ್ನ ಕಳಕಳಿ ಹೆಚ್ಚು ಇರುವುದು ಇಲ್ಲಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಅಲೆಯಾಗಿ ಏರಿಳಿದು ಉದ್ದುದ್ದ ಸೀಳು ಬಿಡುತ್ತದೆ. ಸೀಳು ಅಡ್ಡ ಇದ್ದರೆ ಗಾಲಿ ಹಾರುತ್ತದೆ, ಉದ್ದಕ್ಕೆ ಇದ್ದರೆ ಸಣ್ಣ ಟೈರು ಅದರೊಳಗೆ ಇಳಿದು ಸವಾರ ನೆಲಕ್ಕೆ. ಗುಂಪಿನಲ್ಲಿ ಹಿಂದಿನವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಮುಂದಿನವನು ಕೈ ಕೆಳಗೆ ಚಾಚಿ ಬೆರಳು ತೋರಿಸಿದರೆ ಮಾತ್ರ ತೆಗ್ಗು ಇದೆಯೆಂದು ಗೊತ್ತು. ಸುಗ್ಗಿಯಲ್ಲಿ ನಮ್ಮ ರೈತರು ಜೋಳದ ತೆನೆ, ತೊಗರಿ ಕಟ್ಟಿಗೆಯನ್ನು ರಸ್ತೆಗೇ ಹರವುತ್ತಾರೆ, ವಾಹನ ಓಡಾಡಿ ರಾಶಿಯಾಗಲೆಂದು. ತೊಗರಿಯ ಒಂದು ಸಣ್ಣ ಕಡ್ಡಿ ಗೇರು ಬದಲಿಸುವ ಕೊಂಡಿಗೆ ಸಿಕ್ಕಿತೆಂದರೆ ಕಟಕ್ ಎಂದು ಅದು ಗಾಲಿಯ ಕಡ್ಡಿಗಳೊಳಗೆ ತಿರುಚಿ, ಹಿಂದಿನ ಗಾಲಿ ನಿಂತೇಬಿಡುತ್ತದೆ. ರೈತರನ್ನು ದೂರಿ ಫಲವಿಲ್ಲ, ಅವರಿಗೆ ಕಣ ಮಾಡಲು ಜಾಗ ಸಾಲದು. ಆದರೆ ಅದೇ ತಿಂಗಳು ಅದೇ ರಸ್ತೆಯಲ್ಲಿ ರೇಸು ಇಡುವುದು ಸರಿಯಲ್ಲ. ಒಂದೆಡೆ ಹತ್ತಿ ಹೇರಿದ ಟ್ರ್ಯಾಕ್ಟರು, ಇನ್ನೊಂದೆಡೆ ಕುರಿ ಹಿಂಡು, ಹಿಂದಿನಿಂದ ಹಾರ್ನು ಒತ್ತುತ್ತಾ ಬರುವ ಬಸ್ಸು, ನಡುವೆ ಗೆಲ್ಲಬೇಕೆಂದು ತಲೆ ತಗ್ಗಿಸಿ ತುಳಿಯುವ ಹದಿನಾಲ್ಕರ ಹುಡುಗ. ಇಂಥ ರೇಸುಗಳಲ್ಲಿ ಪಾಲ್ಗೊಂಡಿದ್ದೇನೆ. ಬಹುಮಾನದ ಟ್ರೋಫಿ ಆಳೆತ್ತರ ಇತ್ತು, ಆಂಬುಲೆನ್ಸ್ ಇರಲಿಲ್ಲ. ಒಂದು ತಿರುವಿನಲ್ಲಿ ಹುಡುಗನೊಬ್ಬ ಬಿದ್ದು ಕಾಲರ್ ಮೂಳೆ ಮುರಿದುಕೊಂಡಾಗ ಅವನನ್ನು ಆಸ್ಪತ್ರೆಗೆ ಒಯ್ದದ್ದು ರಸ್ತೆಯಲ್ಲಿ ಹೋಗುತ್ತಿದ್ದ ಆಟೋ. ಹೆಲ್ಮೆಟ್ ಇಲ್ಲದವರನ್ನು ಗೆರೆಯ ಹತ್ತಿರವೂ ಬಿಡಬಾರದು. ತಿರುವಿಗೊಬ್ಬ ಸ್ವಯಂಸೇವಕ ಸೀಟಿ, ಕೆಂಪು ಬಾವುಟ ಹಿಡಿದು ನಿಲ್ಲಬೇಕು. ಟ್ರೋಫಿಯನ್ನು ಅರ್ಧಕ್ಕೆ ಇಳಿಸಿ ಉಳಿದ ದುಡ್ಡನ್ನು ಇದಕ್ಕೆ ಹಾಕಿ ಎಂದು ಸಿಕ್ಕ ಸಂಘಟಕರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಇಲ್ಲೂ ಹೇಳುತ್ತೇನೆ.

ಮೇಷ್ಟ್ರ ಪತ್ರದಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ ಎನ್ನುತ್ತಾರಲ್ಲ, ಅಲ್ಲಿನ ನೀರಿನಲ್ಲಿ ಏನಿದೆ? ನೀರಿನಲ್ಲಿ ಏನೂ ಇಲ್ಲ. ಮಣ್ಣು ನಮ್ಮದರಂತೆಯೇ, ಬಿಸಿಲೂ ಗಾಳಿಯೂ ನಮ್ಮದೇ. ಊಟ ಅದೇ ಜೋಳದ ರೊಟ್ಟಿ. ಅಲ್ಲಿ ಇರುವುದು, ನಮ್ಮಲ್ಲಿ ಇಲ್ಲದ್ದು, ಕಲಿಸುವವರ ಪರಂಪರೆ. ಜಾತ್ರೆ, ಹಬ್ಬಗಳಲ್ಲಿ ಎತ್ತಿನ ಗಾಡಿ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತು ಇಡುವ ರೂಢಿ ಆ ಕಡೆ ಗಟ್ಟಿಯಾಗಿದೆ. ಅಲ್ಲಿ ಸಾದಾ ಸೈಕಲ್ ಮೇಲೆ ಗೆದ್ದ ಹುಡುಗನನ್ನು ಗುರುತಿಸಿ ಕೈ ಹಿಡಿಯುವವರು ಇದ್ದಾರೆ. ಸರ್ಕಾರದ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗ್ ಕಲಿಸುವ ನಿಲಯಗಳು ವಿಜಯಪುರ, ಬಾಗಲಕೋಟೆ, ಗದಗದಲ್ಲಿವೆ. ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆಯಲ್ಲೂ ಸೈಕಲ್ ಇದೆ. ಮೇಘಾ ಗುಗಾಡ, ಸಹನಾ ಕೂಡಿಗನೂರ ಅವರಂಥ ಹೆಣ್ಣುಮಕ್ಕಳು ರಾಜ್ಯದ ಜರ್ಸಿ ತೊಟ್ಟು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದು ಈ ನೆಲದಿಂದ ಎದ್ದು. ವಿಜಯಪುರದ ವೆಲೊಡ್ರೋಮ್, ಅಂದರೆ ಸೈಕಲ್ ರೇಸಿನ ಟ್ರ್ಯಾಕಿನ ಕೆಲಸ ವರ್ಷಗಟ್ಟಲೆ ಎಳೆಯಿತು. ಆ ವರ್ಷಗಳಲ್ಲೂ ಅಲ್ಲಿನ ಮಕ್ಕಳು ಹೆದ್ದಾರಿಯಲ್ಲೇ ಅಭ್ಯಾಸ ಮಾಡಿ ಪದಕ ತಂದರು. ಕಟ್ಟಡಕ್ಕಿಂತ ಮೊದಲು ಕಲಿಸುವವರು ಬೇಕು ಎಂದು ನಾನು ಹಟ ಹಿಡಿಯುವುದು ಇದನ್ನು ಕಂಡೇ.

ನಮ್ಮ ಯಾದಗಿರಿ ಭಾಗಕ್ಕೂ ಸವಾರರನ್ನು ಗುರುತಿಸಿ ಬೆಳೆಸುವ ಅವಕಾಶ ಬಾರದೆ ಇರಲಿಲ್ಲ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಮೊದಲ ಸಲ ಗುಂಪಾಗಿ ರಸ್ತೆಗೆ ಬಂದರು. ಬೆಳಿಗ್ಗೆ ಹೈಸ್ಕೂಲಿಗೆ ಹೋಗುವಾಗ ಎದುರು ಗಾಳಿಗೆ ಒಬ್ಬಳ ಹಿಂದೆ ಒಬ್ಬಳು ಸಾಲು ಹಿಡಿದು ಹೋಗುವುದನ್ನು ನೋಡಿದ್ದೇನೆ. ಯಾರೂ ಕಲಿಸಿದ್ದಲ್ಲ, ಗಾಳಿಯೇ ಕಲಿಸಿದ್ದು. ಮುಂದಿನವಳು ದಣಿದಾಗ ಹಿಂದಿನವಳು ಬಂದು ಜಾಗ ತೆಗೆದುಕೊಳ್ಳುತ್ತಿದ್ದಳು. ಆ ಸಾಲಿನಲ್ಲಿ ಎಷ್ಟು ಜನ ಸವಾರರು ಇದ್ದರೋ, ಗುರುತಿಸುವ ಕಣ್ಣು ಇರಲಿಲ್ಲ. ಕೋವಿಡ್ ಬಂದ ವರ್ಷದಿಂದ ಆ ಸೈಕಲ್ ಕೊಡುವುದೂ ನಿಂತಿತು. ಅದು ಮತ್ತೆ ಶುರುವಾಗಬೇಕು. ಶಾಲೆಗೆ ಹೋಗುವುದೇ ಮೊದಲ ಕಾರಣ, ಅದು ಸರಿಯೇ. ಆದರೆ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ.

ಹಾಗಾದರೆ ಇಲ್ಲಿ ಏನು ಮಾಡಬಹುದು? ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರರಿಂದ ಎಂಟರವರೆಗೆ, ದೋರನಹಳ್ಳಿ–ಖಾನಾಪುರದ ನಡುವಿನ ರಸ್ತೆಯ ಒಂದು ಬದಿಯನ್ನು ಪೊಲೀಸರು ಕಾದು ಕೊಡಲಿ. ರಾಷ್ಟ್ರೀಯ ಹೆದ್ದಾರಿ ಬೇಡ, ಅದು ಲಾರಿಗಳಿಗಿರಲಿ. ಬೆಂಗಳೂರಿನಲ್ಲಿ ಹವ್ಯಾಸಿಗಳೇ ಸೇರಿ ಇಂಥ ರೇಸುಗಳ ಸರಣಿಯನ್ನು ವರ್ಷಗಳ ಕಾಲ ನಡೆಸಿಕೊಂಡು ಬಂದಿದ್ದಾರೆ. ದರ್ಜೆ ಮಾಡಿ ಬಿಡುತ್ತಾರೆ, ಹೊಸಬರು ಹೊಸಬರ ಜೊತೆ, ಪಳಗಿದವರು ಪಳಗಿದವರ ಜೊತೆ. ಇಲ್ಲೂ ಗೇರಿನ ಸೈಕಲ್ಲಿಗೆ ಒಂದು ರೇಸು, ಸಾದಾ ಸೈಕಲ್ಲಿಗೆ ಬೇರೆ ರೇಸು ಇರಬೇಕು. ಹುಡುಗಿಯರಿಗೆ ತಮ್ಮದೇ ರೇಸು, ಹುಡುಗರಷ್ಟೇ ಬಹುಮಾನ. ಸ್ಪರ್ಧಿಗಳು ಮೂವರೇ ಬಂದರೆಂದು ಅದನ್ನು ರದ್ದು ಮಾಡಬಾರದು. ಮುಂದಿನ ಸಲ ಆರು ಜನ ಬರುವುದು ಈ ಸಲದ ಮೂವರನ್ನು ನೋಡಿ. ರೇಸಿಗೆ ಮೊದಲು ಅರ್ಧ ಗಂಟೆ ಪಾಠ ಇರಲಿ. ಸಾಲಿನಲ್ಲಿ ಹೇಗೆ ಹೋಗಬೇಕು, ತೆಗ್ಗು ಕಂಡರೆ ಕೈ ಹೇಗೆ ತೋರಿಸಬೇಕು, ಪಕ್ಕಕ್ಕೆ ಸರಿಯುವ ಮೊದಲು ಹೆಗಲ ಮೇಲಿಂದ ಯಾಕೆ ನೋಡಬೇಕು, ಬ್ರೇಕು ಒಮ್ಮೆಲೇ ಯಾಕೆ ಹಿಡಿಯಬಾರದು. ಇದಕ್ಕೆ ದೊಡ್ಡ ಕೋಚ್ ಬೇಕಿಲ್ಲ. ಈ ಭಾಗದಲ್ಲಿ ರೇಸು ತುಳಿದ ನಾವು ಕೆಲವರಿದ್ದೇವೆ, ನಾವೇ ಕಲಿಸುತ್ತೇವೆ.

ಸುರಪುರ ತಾಲ್ಲೂಕಿನ ತಂದೆಯೊಬ್ಬರು ಕೇಳಿದ್ದಾರೆ, ಮಗಳು ಏಳನೇ ತರಗತಿ, ಅಣ್ಣನ ಸೈಕಲ್ ತೆಗೆದುಕೊಂಡು ದಿನವೂ ಹೊಲಕ್ಕೆ ಬುತ್ತಿ ಒಯ್ಯುತ್ತಾಳೆ, ಓಣಿಯ ಹುಡುಗರೆಲ್ಲ ಅವಳಿಗಿಂತ ಹಿಂದೆ ಉಳಿಯುತ್ತಾರೆ, ಮುಂದೇನು ಮಾಡಲಿ ಎಂದು. ಅವರಿಗೆ ಇಷ್ಟು ಹೇಳುತ್ತೇನೆ. ಕ್ರೀಡಾ ವಸತಿ ನಿಲಯಗಳಿಗೆ ಸಾಮಾನ್ಯವಾಗಿ ಎಂಟನೇ ತರಗತಿಗೆ ಸೇರುವ ಮಕ್ಕಳನ್ನು ಆಯ್ಕೆ ಮಾಡಿಕೊಳ್ಳುತ್ತಾರೆ, ಆದ್ದರಿಂದ ಇದೇ ತಕ್ಕ ವಯಸ್ಸು. ಯಾದಗಿರಿಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಆಯ್ಕೆ ಪರೀಕ್ಷೆ ಯಾವಾಗ ಎಂದು ಈಗಲೇ ವಿಚಾರಿಸಿ ಇಡಿ, ಜನನ ಪ್ರಮಾಣ ಪತ್ರ, ಶಾಲೆಯ ದಾಖಲೆ ಸಿದ್ಧ ಮಾಡಿಕೊಳ್ಳಿ. ಹೊಸ ಸೈಕಲ್ ಕೊಳ್ಳುವ ಅವಸರ ಬೇಡ. ಆದರೆ ಅಣ್ಣನ ಸೈಕಲ್ಲಿನ ಸೀಟನ್ನು ಅವಳ ಅಳತೆಗೆ ಇಳಿಸಿಕೊಡಿ. ಹಿಮ್ಮಡಿಯನ್ನು ಪೈಡಲ್ ಮೇಲಿಟ್ಟಾಗ, ಪೈಡಲ್ ಕೆಳಗೆ ಬಂದ ಹೊತ್ತಿಗೆ ಕಾಲು ನೆಟ್ಟಗಾಗಬೇಕು. ಅದಕ್ಕಿಂತ ಎತ್ತರವಿದ್ದರೆ ಸೊಂಟ ನೋಯುತ್ತದೆ, ತಗ್ಗಿದ್ದರೆ ಮೊಣಕಾಲು. ಎರಡೂ ಬ್ರೇಕಿನ ರಬ್ಬರು ಬದಲಿಸಿ. ಹೆಲ್ಮೆಟ್ ಒಂದನ್ನು ಮಾತ್ರ ಹೊಸದೇ ಕೊಡಿಸಿ, ಬೇರೆಯವರು ಹಾಕಿ ಬಿಟ್ಟದ್ದು ಬೇಡ.